ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಚರಿತ್ರೆ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನೆರೆಹೊರೆಯವರಿಗೆ ಎಂದೂ ತೋರಿಸದ ಸಂಗತಿಗಳೆಲ್ಲಾ ದಾದಿಯ ಕಣ್ಣಿಗೆ ಬೀಳುವವು. ರೋಗಿಯ ಮೈಮೇಲಿನ ಹುಣ್ಣು, ಮನೆಯ ಬಡತನ, ಜ್ವರದ ಭ್ರಮೆಯಲ್ಲಿ ಬಾಯಿಂದ ಬಿದ್ದ ಮಾತು, ಇವೆಲ್ಲವೂ ಅವಳ ವಶದಲ್ಲಿರುವವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ನಮ್ಮ ಜನರು ಇದನ್ನು ಬಲ್ಲರು. ಡಾಕ್ತರ್ ವಾನ್‌ಲೆಸ್ ಸಾಹೇಬರು 1894ರಲ್ಲಿ ಮಿರಜಿನಲ್ಲಿ ಮಿಶನ್ ದವಾಖಾನೆಯನ್ನು ತೆರೆದ ಮೇಲೆ ಈ ಸೀಮೆಯ ರೋಗಿಗಳು ಅಲ್ಲಿಗೆ ಹೋಗುತ್ತಿದ್ದರು. 1897ರಲ್ಲಿ ಅಲ್ಲಿ ದಾದಿಯರ ಶಿಕ್ಷಣವೂ ಆರಂಭವಾಯಿತು. ಈ ಕೆಲಸಕ್ಕೆ ಕೈಚಳಕವೊಂದೇ ಸಾಲದು, ನಂಬಿಕೆಗೆ ಯೋಗ್ಯವಾದ ನಡತೆಯೂ ಬೇಕೆಂದು ಲೋಕಕ್ಕೆ ತೋರಿಸಿಕೊಟ್ಟ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು 1820ನೆಯ ಇಸವಿ ಮೇ ತಿಂಗಳ 12ನೆಯ ತಾರೀಖಿನಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದಳು. ಊರ ಹೆಸರೇ ಆಕೆಯ ಹೆಸರಾಯಿತು. ತಂದೆತಾಯಿಗಳು ಇಂಗ್ಲೆಂಡಿನ ಐಶ್ವರ್ಯವಂತರು. ತಂದೆಯು ತಾನೇ ಮಗಳಿಗೆ ಹಲವು ಭಾಷೆಗಳನ್ನು ಕಲಿಸಿದನು. 1837ರಲ್ಲಿ, ಇನ್ನೂ ಹದಿನಾರು ವರುಷದವಳಾಗಿರುವಾಗಲೇ, ದೇವರು ತನ್ನನ್ನು ಸೇವೆಗೆ ಕರೆದನೆಂಬ ನಿಶ್ಚಯವು ಆಕೆಗೆ ಉಂಟಾಯಿತು. ಆ ಸೇವೆಯು ರೋಗಿಗಳ ಶುಶ್ರೂಷೆಯೇ ಎಂದು ಕ್ರಮೇಣ ತಿಳಿದುಕೊಂಡು ಅಪ್ಪಣೆ ಕೇಳಿದಾಗ ಮನೆಯವರು ಬೆಚ್ಚಿಬಿದ್ದರು. ಯಾಕಂದರೆ ಆ ಕಾಲದಲ್ಲಿ ಇಂಗ್ಲೆಂಡಿನ ದವಾಖಾನೆಗಳ ದಾದಿಯರು ಕುಡುಕರೂ ನಡತೆಗೆಟ್ಟವರೂ ಎಂಬ ಅಪಖ್ಯಾತಿಯಿತ್ತು. ನಮ್ಮ ದೇಶದಲ್ಲಿಯೂ ಪರರ ರಕ್ತವನ್ನೂ ಮಲವನ್ನೂ ಮುಟ್ಟುವ ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳುಹಿಸಲು ತಾಯಿತಂದೆಗಳು ಬಹುಕಾಲ ಹಿಂಜರಿದರಷ್ಟೆ. ಆಕೆಯು ಹಲವು ವರುಷ ಕಾದುಕೊಂಡಿದ್ದಳು, ಆದರೆ ಮನಸ್ಸನ್ನು ಬದಲಾಯಿಸಲಿಲ್ಲ.

ಜರ್ಮನಿಯ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವರ್ತ್ ಎಂಬ ಊರಲ್ಲಿ ಪಾದ್ರಿ ಫ್ಲೀಡ್ನರ್ ಎಂಬವರು 1836ರಲ್ಲಿ ಒಂದು ದವಾಖಾನೆಯನ್ನೂ, ಸೇವೆಗೆ ತಮ್ಮನ್ನು ಒಪ್ಪಿಸಿಕೊಟ್ಟ ಸಹೋದರಿಯರ ಮನೆಯನ್ನೂ ಸ್ಥಾಪಿಸಿದ್ದರು. ನೈಟಿಂಗೇಲಳು 1850ರಲ್ಲಿ ಎರಡು ವಾರ ಅಲ್ಲಿದ್ದು ನೋಡಿ, 1851ರಲ್ಲಿ ಸುಮಾರು ಮೂರು ತಿಂಗಳು ಅಲ್ಲಿ ಕಲಿತಳು. ಸಿರಿವಂತರ ಮಗಳು ಸಾಮಾನ್ಯ ಊಟವನ್ನುಂಡು ರೋಗಿಗಳ ಗಾಯ ತೊಳೆದಳು.

1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿದ್ದ ಒಂದು ಸಣ್ಣ ಸ್ತ್ರೀ ಚಿಕಿತ್ಸಾಲಯದ ಮೇಲ್ವಿಚಾರಣೆಯು ಆಕೆಗೆ ಸಿಕ್ಕಿತು. ಅಲ್ಲಿಯ ಕಮಿಟಿಯವರು ಇಂಗ್ಲೆಂಡಿನ ಸಭೆಗೆ ಸೇರಿದ ರೋಗಿಗಳನ್ನು ಮಾತ್ರ ಸೇರಿಸತಕ್ಕದ್ದೆಂದು ಹಟ ಹಿಡಿದರು. ಕಥೋಲಿಕರನ್ನೂ ಯೆಹೂದ್ಯರನ್ನೂ ಸೇರಿಸದಿದ್ದರೆ ತಾನು ಇರುವದಿಲ್ಲವೆಂದೂ, ಅವರವರ ಗುರುಗಳು ಬಂದು ಅವರನ್ನು ನೋಡುವದಕ್ಕೆ ಅಡ್ಡಿ ಇರಬಾರದೆಂದೂ ಆಕೆಯು ಷರತ್ತು ಹಾಕಿದಳು. ಕಮಿಟಿಯು ಮಣಿಯಿತು. ದಾರಿಯಲ್ಲಿ ಬಿದ್ದವನ ಕುಲವನ್ನು ವಿಚಾರಿಸದೆ ಗಾಯ ಕಟ್ಟಿದ ಸಮಾರ್ಯದವನ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಅದನ್ನು ದವಾಖಾನೆಯ ಕಟ್ಟಳೆಯನ್ನಾಗಿ ಮಾಡುವದಕ್ಕೆ ಇಂಥ ಧೈರ್ಯವು ಬೇಕಾಯಿತು.

ಮರುವರುಷ ಇಂಗ್ಲಿಷರೂ ಫ್ರೆಂಚರೂ ತುರ್ಕರ ಪಕ್ಷವಾಗಿ ರಶಿಯದವರ ಸಂಗಡ ಕ್ರಿಮಿಯ ದೇಶದಲ್ಲಿ ಯುದ್ಧಮಾಡುತ್ತಿದ್ದರು. ಕಾನ್‌ಸ್ಟಾಂಟಿನೋಪಲಿನ ಎದುರು ದಡದ ಸ್ಕುತಾರಿಯಲ್ಲಿದ್ದ ದೊಡ್ಡ ದಂಡಿನ ದವಾಖಾನೆಯಲ್ಲಿ ಸಿಪಾಯಿಗಳು ಆರೈಕೆಯಿಲ್ಲದೆ ಸಾಯುತ್ತಾರೆಂಬ ಸುದ್ದಿಯು ವರ್ತಮಾನ ಪತ್ರಗಳಲ್ಲಿ ಬರಲು, ಸರಕಾರವು ಆಕೆಯನ್ನು ಕಳುಹಿಸಿತು. 1854ನೆಯ ನವಂಬರ 4ರಲ್ಲಿ ಆಕೆಯು 38 ಮಂದಿ ಸ್ತ್ರೀಯರೊಂದಿಗೆ ಅಲ್ಲಿಗೆ ಮುಟ್ಟಿದಳು. ಡಾಕ್ತರರಿಗೆ ಇವರ ಬರೋಣವು ಇಷ್ಟವಿರಲಿಲ್ಲ. ಆಗ ಆಕೆಯು ಮಾಡಿದ್ದೇನು? ಮಂತ್ರಿಯ ಅಧಿಕಾರಪತ್ರವು ಕೈಯಲ್ಲಿದ್ದರೂ ಡಾಕ್ತರರು ಕೇಳುವ ತನಕ ಒಬ್ಬ ರೋಗಿಯನ್ನೂ ಮುಟ್ಟಬಾರದೆಂದು ತನ್ನವರಿಗೆ ಆಜ್ಞಾಪಿಸಿದಳು. ಪಕ್ಕದಲ್ಲಿ ನರಳುವ ಸಿಪಾಯಿಗಳಿದ್ದಾಗ ದಾದಿಯರು ಬಟ್ಟೆ ಹೊಲಿಯುತ್ತಾ ಕೂತರು. ಅವರಿಗೆ ಇದು ಕಠಿಣವಾಗಿ ಕಂಡಿತು. ಆದರೆ ಕೆಲವೇ ದಿನಗಳಲ್ಲಿ ಇಂಕರ್ಮನ್ ಯುದ್ಧದ ಗಾಯಾಳುಗಳು ಹಡಗುಗಟ್ಟಲೆ ಬಂದಾಗ ಡಾಕ್ತರರೇ ಇವರನ್ನು ಕರೆದರು. ಒಮ್ಮೆ ಕರೆದ ಬಳಿಕ ಬೇಡವೆನ್ನಲಿಲ್ಲ.

ಅಲ್ಲಿ ಆಕೆಯು ಹಾಕಿದ ಶಿಸ್ತು ಬಿಗಿಯಾಗಿತ್ತು. ರಾತ್ರಿ ಎಂಟು ಘಂಟೆಯ ಮೇಲೆ ದಾದಿಯರು ಸಿಪಾಯಿಗಳ ಕೋಣೆಗಳಲ್ಲಿ ಇರಬಾರದು. ಕುಡಿದವರನ್ನೂ ಸರಿಯಾಗಿ ನಡೆಯದವರನ್ನೂ ಊರಿಗೆ ಹಿಂದಕ್ಕೆ ಕಳುಹಿಸಿದಳು. ಇರುಳಲ್ಲಿ ತಾನೇ ದೀಪ ಹಿಡಿದು ಹಾಸಿಗೆಗಳ ಸಾಲಿನಲ್ಲಿ ಸುತ್ತಾಡಿದಳು. ಸತ್ತವರ ಮನೆಗಳಿಗೆ ಪತ್ರ ಬರೆದಳು. ಬದುಕಿದ್ದವರ ಸಂಬಳದ ಹಣವು ಅವರ ಹೆಂಡತಿ ಮಕ್ಕಳಿಗೆ ತಪ್ಪದೆ ತಲಪುವಂತೆ ಏರ್ಪಾಡು ಮಾಡಿದಳು. ಇನ್ನೊಂದು ಕಟ್ಟಳೆಯನ್ನು ನಮ್ಮಂಥ ಸಭೆಗಳವರು ವಿಶೇಷವಾಗಿ ಯೋಚಿಸತಕ್ಕದ್ದು. ಆಕೆಯ ಸಂಗಡ ಬಂದವರಲ್ಲಿ ಕಥೋಲಿಕ ಸನ್ಯಾಸಿನಿಯರೂ ಇಂಗ್ಲೆಂಡಿನ ಸಭೆಯ ಸಹೋದರಿಯರೂ ಇದ್ದರು; ಬೇರೆ ಮತದ ರೋಗಿಯ ಹಾಸಿಗೆಯ ಬಳಿಯಲ್ಲಿ ಅವನನ್ನು ತಮ್ಮ ಮತಕ್ಕೆ ಎಳೆಯುವ ಪ್ರಯತ್ನವನ್ನು ಯಾರೂ ಮಾಡಬಾರದೆಂದು ನಿಯಮವಿತ್ತು. ಎದ್ದುಹೋಗಲಾರದವನ ಅಶಕ್ತಿಯನ್ನು ಉಪಯೋಗಿಸಿಕೊಳ್ಳುವದು ನ್ಯಾಯವಲ್ಲ. ಶುದ್ಧವಾದ ಕೈಗಳೂ ತಾಳ್ಮೆಯೂ ಕೊಡುವ ಸಾಕ್ಷಿಯು ಅಲ್ಲಿ ಸಾಕು.

ಇಷ್ಟನ್ನು ಅನೇಕರು ಬಲ್ಲರು. ಇದಕ್ಕಿಂತ ದೊಡ್ಡದೆಂದು ನಮಗೆ ತೋರುವದು ಯುದ್ಧ ತೀರಿದ ಮೇಲಿನ ಸಂಗತಿ. ಸ್ಕುತಾರಿಯಲ್ಲಿ ಆಕೆಯ ಆರೈಕೆ ನಡೆಯುತ್ತಿದ್ದಾಗಲೇ ಮರಣಗಳು ಹೆಚ್ಚಿದವು. 1855ರ ಫೆಬ್ರವರಿಯಲ್ಲಿ ರೋಗಿಗಳಲ್ಲಿ ನೂರಕ್ಕೆ 42ರಷ್ಟು ಮಂದಿ ಸತ್ತರು. ಮಾರ್ಚ್ ತಿಂಗಳಲ್ಲಿ ಸರಕಾರದ ಆರೋಗ್ಯ ಕಮಿಶನಿನವರು ಬಂದು ಕಟ್ಟಡದ ಕೆಳಗೆ ಹೂಳು ತುಂಬಿದ್ದ ಮೋರಿಗಳನ್ನು ತೊಳಿಸಿ, ಗೋಡೆಗಳಿಗೆ ಸುಣ್ಣ ಹಚ್ಚಿಸಿ, ಗಾಳಿಗೆ ದಾರಿ ಮಾಡಿಸಿದರು. ಜೂನ್ ತಿಂಗಳಲ್ಲಿ ಮರಣವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. 1856ರಲ್ಲಿ ಇಂಗ್ಲೆಂಡಿಗೆ ತಿರಿಗಿ ಬಂದಾಗ ಜನರೆಲ್ಲರೂ ಆಕೆಯನ್ನು ಕೊಂಡಾಡುತ್ತಿದ್ದರು. ಮೆರವಣಿಗೆಯನ್ನು ತಪ್ಪಿಸುವದಕ್ಕಾಗಿ ಆಕೆಯು ಬೇರೆ ಹೆಸರಿನಿಂದ ಪ್ರಯಾಣ ಮಾಡಿದಳು. ಬಳಿಕ ವಿಲಿಯಮ್ ಫಾರ್ ಎಂಬ ಲೆಕ್ಕಪರಿಣತನ ಸಂಗಡ ಕೂತು ಅಂಕಿಗಳನ್ನು ಶೋಧಿಸಿದಾಗ, ಸಿಪಾಯಿಗಳನ್ನು ಕೊಂದದ್ದು ಗಾಯವಾಗಲಿ ಹಸಿವೆಯಾಗಲಿ ಮಾತ್ರವಲ್ಲ, ಮುಖ್ಯವಾಗಿ ದವಾಖಾನೆಯ ಹೊಲಸೇ ಎಂದು ಸ್ಪಷ್ಟವಾಯಿತು. ತಾನು ಸೇವೆಮಾಡಿದ ಮನೆಯೇ ಎಲ್ಲಾ ದವಾಖಾನೆಗಳಿಗಿಂತ ಕೆಟ್ಟದ್ದಾಗಿತ್ತು, ಮತ್ತು ಆಗ ತಾನು ಅದನ್ನು ಅರಿಯಲಿಲ್ಲ! ಸುಮ್ಮನಿದ್ದಿದ್ದರೆ ಆಕೆಯ ಕೀರ್ತಿಗೆ ಕುಂದಿರಲಿಲ್ಲ. ಆದರೆ ಆಕೆಯು ಆ ಅಂಕಿಗಳನ್ನು ಚಿತ್ರಪಟಗಳ ರೂಪದಲ್ಲಿ ಬರೆದು, 1858ರಲ್ಲಿ ತನ್ನ ದೊಡ್ಡ ವರದಿಯನ್ನು ಸ್ವಂತವಾಗಿ ಅಚ್ಚುಹಾಕಿಸಿ ಅಧಿಕಾರಸ್ಥರ ಕೈಗೆ ಕೊಟ್ಟಳು. ರೋಗಿಯ ಗುಟ್ಟನ್ನು ಮುಚ್ಚುವದು ದಾದಿಯ ಧರ್ಮ. ತನ್ನ ಮತ್ತು ತನ್ನ ದವಾಖಾನೆಯ ತಪ್ಪನ್ನು ಮುಚ್ಚುವದು ಧರ್ಮವಲ್ಲ. ಈ ಎರಡನ್ನೂ ಒಂದೆಂದು ತಿಳಿಯುವವರು ಇಂದಿಗೂ ಇದ್ದಾರೆ.

ಜನರು ಆಕೆಯ ಗೌರವಾರ್ಥವಾಗಿ ಕೂಡಿಸಿದ ಸುಮಾರು 45,000 ಪೌಂಡುಗಳಿಂದ 1860ರಲ್ಲಿ ಲಂಡನ್ನಿನ ಸೆಂಟ್ ಥಾಮಸ್ ದವಾಖಾನೆಯಲ್ಲಿ ದಾದಿಯರ ಶಾಲೆ ತೆರೆಯಿತು. ಅಲ್ಲಿ ಪ್ರತಿ ವಿದ್ಯಾರ್ಥಿನಿಯ ಕೆಲಸವನ್ನು ಮಾತ್ರವಲ್ಲದೆ ನಡತೆಯನ್ನೂ ತಿಂಗಳಿಗೊಮ್ಮೆ ಪಟ್ಟಿಯಲ್ಲಿ ಬರೆಯುತ್ತಿದ್ದರು: ಹೊತ್ತಿಗೆ ಸರಿಯಾಗಿ ಬರುವಳೋ, ಗದ್ದಲವಿಲ್ಲದೆ ನಡೆಯುವಳೋ, ನಂಬತಕ್ಕವಳೋ, ಮೈಬಟ್ಟೆ ಶುಚಿಯಾಗಿರುವದೋ ಎಂದು. ಹಿಂದಿನ ವರುಷ ಆಕೆಯು ಬರೆದು ಮುಗಿಸಿದ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಪುಸ್ತಕವು ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಎಲ್ಲಾ ಸ್ತ್ರೀಯರಿಗಾಗಿ ಬರೆದದ್ದು. ರೋಗಿಯ ಕೋಣೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಬಾರದು, ಯಾಕಂದರೆ ತನ್ನ ವಿಷಯವೇ ಎಂದು ಅವನು ಹೆದರುವನು. ಅವನ ಕಣ್ಣಿಗೆ ಕಾಣುವ ಹಾಗೆ ಕೂತು ಮಾತಾಡಬೇಕು. ಬೇಗ ವಾಸಿಯಾಗುವದೆಂದು ಬುಡವಿಲ್ಲದ ಸಮಾಧಾನ ಹೇಳಿ ಬೇಸರಪಡಿಸಬಾರದು. ದಾದಿಯು ಹರಟೆಮಲ್ಲಿಯಾಗಿರಬಾರದು, ಕೇಳತಕ್ಕವರಿಗಲ್ಲದೆ ಇತರರಿಗೆ ರೋಗಿಯ ವರ್ತಮಾನವನ್ನು ಹೇಳಬಾರದು, ಇವೇ ಮೊದಲಾದ ಬುದ್ಧಿಗಳು ಅದರಲ್ಲಿವೆ. ರೋಗಿಯನ್ನು ನೋಡಲು ಗುಂಪುಗೂಡಿ ಹೋಗಿ ಸತ್ತವರ ಕಥೆಗಳನ್ನು ಹೇಳುವ ನಾವೂ ಇವನ್ನು ಕಲಿಯುವದು ಒಳ್ಳೇದು.

1857ರಿಂದ ಕಾಯಿಲೆಯು ಆಕೆಯನ್ನು ಬಹುಮಟ್ಟಿಗೆ ಹಾಸಿಗೆಗೆ ಕಟ್ಟಿಹಾಕಿತು. ಹಾಗಿದ್ದರೂ ಹಿಂದುಸ್ಥಾನಕ್ಕೆ ಎಂದೂ ಬಾರದ ಆಕೆಯು ಇಲ್ಲಿಯ ದಂಡಿನ ಠಾಣ್ಯಗಳ ನೀರು, ಮೋರಿ, ಮರಣಗಳ ಲೆಕ್ಕವನ್ನು ತರಿಸಿ ಪರೀಕ್ಷಿಸಿದಳು. ಮುಂದೆ ನಮ್ಮ ಹಳ್ಳಿಗಳ ನೈರ್ಮಲ್ಯದ ವಿಷಯವಾಗಿಯೂ ಬರೆದಳು. ಆಕೆಯ ಅಭಿಪ್ರಾಯಗಳೆಲ್ಲವೂ ಸರಿಯಾಗಿದ್ದವೆಂದು ಹೇಳಲಾಗದು. ಪರೀಕ್ಷೆಯು ಗುಣವನ್ನು ಅಳೆಯಲಾರದೆಂದು ದಾದಿಯರ ಹೆಸರುಗಳನ್ನು ಸರಕಾರಿ ಪಟ್ಟಿಯಲ್ಲಿ ದಾಖಲಿಸುವದನ್ನು ವಿರೋಧಿಸಿದಳು. ಇಂಗ್ಲೆಂಡಿನಲ್ಲಿ 1919ರಲ್ಲಿ ಆ ಕಾಯಿದೆಯು ಬಂತು. ನಮ್ಮ ದೇಶದಲ್ಲಿ 1947ರ ಕಾಯಿದೆಯಿಂದ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಉಂಟಾಯಿತು. ಪಟ್ಟಿಯು ಬೇಕೇ ಬೇಕು. ಆದರೆ ಪಟ್ಟಿಯಲ್ಲಿ ಹೆಸರಿರುವವಳು ಯಾರೂ ನೋಡದ ನಡುರಾತ್ರಿಯಲ್ಲಿ ಹೇಗೆ ನಡೆಯುವಳೆಂಬದನ್ನು ಪಟ್ಟಿಯು ಹೇಳದು. ದೀಪ ಹಚ್ಚಿಕೊಂಡು ದಾದಿಯರು ಹೇಳುವ ನೈಟಿಂಗೇಲ್ ಪ್ರತಿಜ್ಞೆಯನ್ನು ಆಕೆಯೇ ಬರೆದಳೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಅದನ್ನು 1893ರಲ್ಲಿ ಅಮೇರಿಕದ ಡೆಟ್ರಾಯಿಟ್ ಪಟ್ಟಣದ ದಾದಿಯರ ಶಾಲೆಯಲ್ಲಿ ರಚಿಸಿ ಆಕೆಯ ಹೆಸರನ್ನಿಟ್ಟರು.

1910ನೆಯ ಅಗೋಸ್ತು 13ರಲ್ಲಿ ತನ್ನ ತೊಂಭತ್ತನೆಯ ವಯಸ್ಸಿನಲ್ಲಿ ಆಕೆಯು ತೀರಿಕೊಂಡಳು. ಹಿಂದಿನ ಹಲವು ಅರಸರನ್ನು ಹೂಳಿಟ್ಟ ವೆಸ್ಟ್‌ಮಿನ್ಸ್ಟರ್ ದೇವಾಲಯದಲ್ಲಿ ಸ್ಥಳವು ದೊರೆಯುವದಿದ್ದರೂ ಸಂಬಂಧಿಕರು ಒಪ್ಪದೆ ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ ಹೂಳಿಟ್ಟರು. ಗೋರಿಯ ಮೇಲೆ ಪೂರ್ಣ ಹೆಸರೂ ಇಲ್ಲ, ಎರಡು ಅಕ್ಷರಗಳೂ ಹುಟ್ಟುಸಾವುಗಳ ತಾರೀಖುಗಳೂ ಮಾತ್ರ ಇವೆ. ಆಕೆಯ ಜನ್ಮದಿನವಾದ ಮೇ 12ನ್ನು ಲೋಕದ ದಾದಿಯರೆಲ್ಲರೂ ತಮ್ಮ ದಿನವಾಗಿ ಆಚರಿಸುತ್ತಾರೆ.

ಆದಕಾರಣ ಮಗಳನ್ನು ಈ ಕೆಲಸಕ್ಕೆ ಕಳುಹಿಸುವ ತಾಯಿತಂದೆಗಳೇ, ಸಂಬಳವೆಷ್ಟೆಂದು ಕೇಳುವದಕ್ಕೆ ಮುಂಚೆ ಅವಳಿಗೆ ನಾಲಿಗೆಯನ್ನು ಬಿಗಿಹಿಡಿಯುವದನ್ನೂ ಸತ್ಯವನ್ನು ಹೇಳುವದನ್ನೂ ಮನೆಯಲ್ಲೇ ಕಲಿಸಿರಿ. ದವಾಖಾನೆಗೆ ಹೋಗುವವರೇ, ಪಕ್ಕದ ಹಾಸಿಗೆಯವರ ರೋಗವೇನೆಂದು ದಾದಿಯನ್ನು ಕೇಳಬೇಡಿರಿ. ಅವಳು ಹೇಳದಿದ್ದರೆ ಸಿಟ್ಟಾಗಬೇಡಿರಿ. ನಾಳೆ ನಿಮ್ಮ ಹಾಸಿಗೆಯ ಬಳಿ ನಿಂತಾಗಲೂ ಅವಳು ಹಾಗೆಯೇ ಬಾಯಿ ಮುಚ್ಚಿಕೊಂಡಿರುವಳು.