ಪಕ್ಷಿಮಿತ್ರ ಸಾಲಿಂ ಅಲಿಯವರು

ಡಾಕ್ಟರ್ ಸಾಲಿಂ ಅಲಿಯವರ ಹೆಸರನ್ನು ಕೇಳದವರು ವಿರಳ. ಆದರೆ ಅವರು ಬಾಲ್ಯದಲ್ಲಿ ಕಲಿತುದು ಕ್ರೈಸ್ತ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಎಂಬ ಸಂಗತಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆವು. 1896ನೆಯ ನವೆಂಬರ 12ರಂದು ಮುಂಬಯಿಯಲ್ಲಿ ಜನಿಸಿದ ಇವರು ಎಳೆತನದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಗಿರಗಾಂವದ ಜನಾನಾ ಮಿಷನ್ ಶಾಲೆಗೆ ಇಬ್ಬರು ಅಕ್ಕಂದಿರ ಜೊತೆಯಲ್ಲಿ ಹೋಗುತ್ತಿದ್ದರು.

ಹನ್ನೆರಡರ ವಯಸ್ಸಿನ ಸುಮಾರಿಗೆ ಆಟದ ಗಾಳಿಬಂದೂಕದಿಂದ ಗುಬ್ಬಿಯೊಂದನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿಯ ಮಚ್ಚೆ! ಅದಾವ ಜಾತಿಯದೆಂದರಿಯಲು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಒಯ್ದರು. 1883ರಲ್ಲಿ ಎಂಟು ಜನ ಹವ್ಯಾಸಿಗಳು ಕೂಡಿ ಸ್ಥಾಪಿಸಿದ ಸಂಘವದು. ಅದರ ಕಾರ್ಯದರ್ಶಿಗಳಾದ ಮಿಲ್ಲರ್ಡ್ ಸಾಹೇಬರು ಅಂಜುತ್ತ ಬಂದ ಹುಡುಗನಿಗೆ ಕಪಾಟುಗಳನ್ನೆಲ್ಲ ತೆರೆದು ತೋರಿಸಿದರು. ಆ ದಿನದ ಆದರವೇ ಅವರ ಬಾಳಿನ ದಾರಿಯನ್ನು ತಿರುಗಿಸಿತು.

ಆ ದಾರಿ ಸುಗಮವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಸರಕಾರದ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಕೆಲಸ ದೊರೆಯಲಿಲ್ಲ. ಬರ್ಲಿನ್ನಿಗೆ ಹೋಗಿ ಪಕ್ಷಿಶಾಸ್ತ್ರವನ್ನು ಅಭ್ಯಸಿಸಿ 1930ರಲ್ಲಿ ಮರಳುವಷ್ಟರಲ್ಲಿ ವಸ್ತುಸಂಗ್ರಹಾಲಯದಲ್ಲಿದ್ದ ಉದ್ಯೋಗವೂ ಹಣದ ಅಭಾವದಿಂದ ರದ್ದಾಗಿತ್ತು. ಸಂಸಾರ ಕಡಲಕರೆಯ ಕಿಹೀಮ ಗ್ರಾಮವನ್ನು ಸೇರಿತು. ಕೆಲಸವಿಲ್ಲದ ಆ ದಿನಗಳಲ್ಲಿ ಗೀಜಗಗಳ ಗೂಡುಗಳನ್ನು ನೋಡುತ್ತ ಕುಳಿತ ಇವರು, ಗಂಡು ಗೀಜಗ ಅರ್ಧ ಹೆಣೆದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಸಂಸಾರ ಹೂಡುವುದೆಂದು ಕಂಡುಕೊಂಡರು. ಒಂದು ಗೂಡು ತುಂಬಿದೊಡನೆ ಗಂಡು ಮತ್ತೊಂದನ್ನು ಕಟ್ಟತೊಡಗುವುದನ್ನೂ ಬರೆದಿಟ್ಟರು.

ತರುವಾಯ ದೇಶೀಯ ಸಂಸ್ಥಾನಗಳಿಗೆ ಒಂದು ವಿಚಿತ್ರವಾದ ಬಿನ್ನಹವನ್ನು ಮಾಡಿದರು. ಪ್ರಯಾಣ ಮತ್ತು ಬಿಡಾರದ ವೆಚ್ಚವನ್ನಷ್ಟೇ ಕೊಟ್ಟರೆ ಸಾಕು, ಸಂಬಳವಿಲ್ಲದೆ ಪಕ್ಷಿಗಳ ಪರಿಶೋಧನೆ ಮಾಡುವೆನೆಂದು! ಮೊದಲು ಒಪ್ಪಿದುದು ನಿಜಾಮರ ಹೈದರಾಬಾದು. ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಪತ್ನಿ ತೆಹಮೀನಾ ಇಂಗ್ಲೆಂಡಿನಲ್ಲಿ ಓದಿದವರು. ಪತಿಯೊಡನೆ ಕಾಡುಮೇಡುಗಳಲ್ಲಿ ಡೇರೆವಾಸವನ್ನು ಸಂತೋಷದಿಂದ ಕೈಕೊಂಡರು. ಬಿಡಾರದ ವ್ಯವಸ್ಥೆ ಅವರದು. ಪತಿಯ ಬರವಣಿಗೆಯನ್ನು ತಿದ್ದಿದವರೂ ಅವರೇ. ಈ ಸಾಧ್ವಿಯ ಪಾಲನ್ನು ಜನರು ಸಾಕಷ್ಟು ನೆನೆಯಲಿಲ್ಲವೆಂದೇ ನಮ್ಮ ಎಣಿಕೆ. 1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ತರುವಾಯ ಅವರು ತೀರಿಕೊಂಡರು. ಸಾಲಿಂ ಅಲಿಯವರು ಮರುಮದುವೆಯಾಗಲಿಲ್ಲ.

ಶಾಸ್ತ್ರಕ್ಕಾಗಿ ಇವರು ಅನೇಕ ಹಕ್ಕಿಗಳನ್ನು ಕೊಂದುದುಂಟು. ನಮಗದು ಹಿತವೆನಿಸದಿದ್ದರೂ ಮರೆಮಾಚುವುದು ಸಲ್ಲದು. ಆದರೆ ಕಾಲ್ನಡೆಯಿಂದ ಗಳಿಸಿದ ಅರಿವನ್ನೇ ಅವರು ಹಕ್ಕಿಗಳ ರಕ್ಷಣೆಗೂ ಬಳಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ನೀರುಹಕ್ಕಿಗಳನ್ನು ಕಂಡು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರುಷ ಅವರ ಭಾರತೀಯ ಪಕ್ಷಿಗಳ ಗ್ರಂಥ ಹೊರಬಂದಿತು. ದುರ್ಬೀನು ಹಿಡಿದು ಬೆಳಗಿನ ಜಾವಕ್ಕೆ ಕೆರೆಯಂಗಳಕ್ಕೆ ನಡೆಯುವ ಹವ್ಯಾಸಿ ಕೂಟಗಳಿಗೆ ಅದು ಕೈಪಿಡಿಯಾಯಿತು. ದೇವದುರ್ಗದ ನೆರೆಯ ಸುರಪುರ ಸೀಮೆಯಲ್ಲಿರುವ ಬೋನಾಳ ಕೆರೆಯೂ ಇಂದು ಪಕ್ಷಿಧಾಮವಾಗಿದೆ. ಪಾಲಕರು ಚಳಿಗಾಲದಲ್ಲೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದು.

ಸ್ವಾತಂತ್ರ್ಯಾನಂತರ ಸಂಘಕ್ಕೆ ಹಣದ ಮುಗ್ಗಟ್ಟು ಒದಗಿದಾಗ ನೆಹರೂರವರಿಗೆ ಬರೆದು ಸಹಾಯವನ್ನು ದೊರಕಿಸಿದವರು ಇವರೇ. ಇಳಿವಯಸ್ಸಿನಲ್ಲಿ ಗೆಟ್ಟಿ ಪಾರಿತೋಷಕದ 50,000 ಡಾಲರುಗಳು ಕೈಸೇರಿದವು. ಒಂದು ಕಾಲಕ್ಕೆ ಸಂಬಳವಿಲ್ಲದೆ ದುಡಿದ ಆ ವೃದ್ಧರು ಈ ಹಣವನ್ನೂ, ಬಾಲ್ಯದಲ್ಲಿ ಗುಬ್ಬಿಯನ್ನು ಹಿಡಿದು ಮೆಟ್ಟಿಲೇರಿದ್ದ ಸಂಘಕ್ಕೇ ಒಪ್ಪಿಸಿದರು. 1987ರಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು.