ಜಾನ್ ಎ. ರೋಬ್ಲಿಂಗ್

ಜಾನ್ ಆಗಸ್ಟಸ್ ರೋಬ್ಲಿಂಗ್ (12 ಜೂನ್ 1806 – 22 ಜುಲೈ 1869) ಜರ್ಮನ್ ಮೂಲದ ಅಮೆರಿಕನ್ ಸಿವಿಲ್ ಎಂಜಿನಿಯರ್. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳ ಗಡಿಯಾಗಿ ಹರಿಯುವ ನಯಾಗರ ನದಿಯ ಮೇಲೆ, ರೈಲು ಮತ್ತು ರಸ್ತೆ ಎರಡನ್ನೂ ಹೊತ್ತ ತೂಗುಸೇತುವೆಯನ್ನು ನಿರ್ಮಿಸಿದವರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮೂಲ ವಿನ್ಯಾಸವೂ ಇವರದೇ.

ಆರಂಭಿಕ ಜೀವನ

ರೋಬ್ಲಿಂಗ್ ಪ್ರಷ್ಯಾ ರಾಜ್ಯದ ಮ್ಯೂಲ್‌ಹೌಸನ್ ಪಟ್ಟಣದಲ್ಲಿ ಜನಿಸಿದರು. ಬರ್ಲಿನ್ನಿನಲ್ಲಿ ವ್ಯಾಸಂಗ ಮಾಡಿ, ಕೆಲಕಾಲ ವೆಸ್ಟ್‌ಫಾಲಿಯಾದ ರಸ್ತೆ ಕಾಮಗಾರಿಗಳಲ್ಲಿ ದುಡಿದರು. 1831ರಲ್ಲಿ ಸಹೋದರ ಕಾರ್ಲ್ ಅವರೊಡನೆ ಅಮೆರಿಕಕ್ಕೆ ವಲಸೆ ಹೋಗಿ, ಪೆನ್ಸಿಲ್ವೇನಿಯಾದಲ್ಲಿ ಸ್ಯಾಕ್ಸನ್‌ಬರ್ಗ್ ಎಂಬ ಊರನ್ನು ಕಟ್ಟಿದರು. ಬೇಸಾಯ ಕೈಹಿಡಿಯದೆ, 1837ರಲ್ಲಿ ಮತ್ತೆ ಎಂಜಿನಿಯರ್ ವೃತ್ತಿಗೆ ಮರಳಿದರು.

ತಂತಿಯ ಹಗ್ಗ

ಆ ಕಾಲದಲ್ಲಿ ಕಾಲುವೆಯ ದೋಣಿಗಳನ್ನು ಬೆಟ್ಟದ ಇಳಿಜಾರಿನ ಹಳಿಗಳ ಮೇಲೆ ಸೆಣಬಿನ ದಪ್ಪ ಹಗ್ಗಗಳಿಂದ ಎಳೆದು ದಾಟಿಸುತ್ತಿದ್ದರು. ಅವು ಬೇಗ ಸವೆದು ತುಂಡಾಗುತ್ತಿದ್ದವು. ಇದಕ್ಕೆ ಪರಿಹಾರವಾಗಿ ರೋಬ್ಲಿಂಗ್ 1841ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ತಯಾರಿಸಿದರು. ಮುಂದೆ ಈ ಉದ್ಯಮವನ್ನು ನ್ಯೂಜೆರ್ಸಿಯ ಟ್ರೆಂಟನ್ ನಗರಕ್ಕೆ ಸ್ಥಳಾಂತರಿಸಿದರು.

ನಯಾಗರ ಸೇತುವೆ

ನಯಾಗರ ಕಮರಿಯ ತಳದಲ್ಲಿ ನದಿಯು ರಭಸದಿಂದ ಹರಿಯುವುದರಿಂದ ನಡುವೆ ಕಂಬ ನಿಲ್ಲಿಸುವುದು ಅಸಾಧ್ಯವಾಗಿತ್ತು. ತೂಗುಸೇತುವೆಯು ರೈಲಿನ ಭಾರವನ್ನು ತಾಳದೆಂಬುದು ಬ್ರಿಟನ್ನಿನ ರಾಬರ್ಟ್ ಸ್ಟೀಫನ್‌ಸನ್ ಮೊದಲಾದ ಹೆಸರಾಂತ ಎಂಜಿನಿಯರುಗಳ ಅಭಿಪ್ರಾಯವಾಗಿತ್ತು. ಕಾಮಗಾರಿ ನಡೆಯುತ್ತಿರುವಾಗಲೇ, 1854ರಲ್ಲಿ, ಒಹಾಯೊ ನದಿಯ ಮೇಲಿನ ವೀಲಿಂಗ್ ತೂಗುಸೇತುವೆಯು ಬಿರುಗಾಳಿಗೆ ಸಿಲುಕಿ ಕುಸಿಯಿತು. ಸೇತುವೆ ಓಲಾಡದಂತೆ ಬಿಗಿಗೊಳಿಸುವುದೇ ಮುಖ್ಯವೆಂದು ರೋಬ್ಲಿಂಗ್ ಮನಗಂಡಿದ್ದರು. ಆದುದರಿಂದ ಮೇಲೆ ರೈಲು, ಕೆಳಗೆ ಗಾಡಿ ಮತ್ತು ಪಾದಚಾರಿಗಳಿಗೆಂದು ಎರಡು ಅಂತಸ್ತುಗಳನ್ನು ರಚಿಸಿ, ಅವುಗಳನ್ನು ಮರದ ಆಳವಾದ ಚೌಕಟ್ಟಿನಿಂದ ಬೆಸೆದರು. ಹೆಚ್ಚುವರಿ ತಂತಿಗಳಿಂದ ಬಿಗಿದರು. ನಾಲ್ಕು ತಂತಿ ಕಂತೆಗಳಿಂದ ತೂಗಿದ ಈ ಸೇತುವೆಯ ಉದ್ದ 821 ಅಡಿ. 1855ರ ಮಾರ್ಚ್‌ನಲ್ಲಿ ಮೊದಲ ರೈಲು ಸುರಕ್ಷಿತವಾಗಿ ಗಡಿ ದಾಟಿತು. ರೈಲುಗಳು ಹೆಚ್ಚು ಭಾರವಾಗುತ್ತ ಬಂದುದರಿಂದ 1897ರಲ್ಲಿ ಇದರ ಸ್ಥಾನದಲ್ಲಿ ಉಕ್ಕಿನ ಕಮಾನು ಸೇತುವೆ ಬಂದಿತು. ಅದರಲ್ಲಿಯೂ ಮೇಲೆ ರೈಲು, ಕೆಳಗೆ ರಸ್ತೆ ಎಂಬ ಕ್ರಮವನ್ನೇ ಅನುಸರಿಸಲಾಯಿತು.

ಕೊನೆಯ ದಿನಗಳು

1869ರ ಜೂನ್‌ನಲ್ಲಿ ಬ್ರೂಕ್ಲಿನ್ ಸೇತುವೆಗಾಗಿ ಸ್ಥಳ ಪರಿಶೀಲಿಸುತ್ತಿದ್ದಾಗ, ದಡಕ್ಕೆ ಬಂದ ಹಡಗಿನ ಹೊಡೆತದಿಂದ ರೋಬ್ಲಿಂಗ್ ಅವರ ಪಾದ ಜಜ್ಜಿಹೋಯಿತು. ಬೆರಳುಗಳನ್ನು ಕತ್ತರಿಸಿದ ಬಳಿಕ ಅವರು ವೈದ್ಯರ ಆರೈಕೆಯನ್ನು ಒಪ್ಪದೆ ಜಲಚಿಕಿತ್ಸೆಯನ್ನೇ ನೆಚ್ಚಿದರು. ಧನುರ್ವಾಯು ತಗುಲಿ ಮುಂದಿನ ತಿಂಗಳು ನಿಧನರಾದರು. ಮಗ ವಾಷಿಂಗ್‌ಟನ್ ರೋಬ್ಲಿಂಗ್ ಹೊಣೆ ಹೊತ್ತರು. ಅವರೂ ಕಾಯಿಲೆ ಬಿದ್ದಾಗ ಪತ್ನಿ ಎಮಿಲಿ ನೆರವಾದರು. ಸೇತುವೆಯು 24 ಮೇ 1883ರಂದು ಸಂಚಾರಕ್ಕೆ ತೆರೆಯಿತು.