ಚಾಸಿ ಮಾತ್ರ ಮಾಡಿದ ಮೆಕ್ಯಾನಿಕ್

ರಾಜಾನುಕುಂಟೆ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಕಾಲೇಜು ಬಸ್ಸಿಗೆ ಕಾಯುವಾಗ ಆಗಾಗ ಒಂದು ವಿಚಿತ್ರ ವಾಹನ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹಾದುಹೋಗುತ್ತದೆ. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ, ಗಾಜಿಲ್ಲ. ಎರಡು ಉದ್ದನೆಯ ಕಬ್ಬಿಣದ ಪಟ್ಟಿ, ಇಂಜಿನ್, ಚಕ್ರ, ಸ್ಟೀರಿಂಗ್. ಮುಖಕ್ಕೆ ಟವೆಲ್ ಸುತ್ತಿಕೊಂಡ ಡ್ರೈವರ್. ಕಾರ್ಖಾನೆಯಿಂದ ಹೊರಟ ಲಾರಿಯ ಚಾಸಿ ಅದು. ಮುಂದೆ ಯಾವುದೋ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅದಕ್ಕೆ ಮೈ ಬರುತ್ತದೆ, ಬಣ್ಣ ಬರುತ್ತದೆ, ನೆತ್ತಿಯ ಮೇಲೆ ಮನೆದೇವರ ಹೆಸರೂ ಬರುತ್ತದೆ.

ರೋಲ್ಸ್ ರಾಯ್ಸ್ ಕಾರನ್ನೂ ಒಂದು ಕಾಲದಲ್ಲಿ ಹೀಗೆಯೇ ಮಾರುತ್ತಿದ್ದರು ಎಂದರೆ ಗೆಳೆಯರು ನಕ್ಕರು. ಆದರೆ ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಆ ಕಂಪನಿ ಇಂಗ್ಲೆಂಡಿನಲ್ಲಿ ಮಾಡುತ್ತಿದ್ದುದು ಚಾಸಿ ಮಾತ್ರ. ಬಾಡಿ ಕಟ್ಟುತ್ತಿದ್ದವರು ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿಯಂಥ ಬೇರೆಯವರು. ಕುದುರೆ ಸಾರೋಟು ಮಾಡಿ ಕೈ ಪಳಗಿದ್ದ ಮನೆತನಗಳು ಅವು. ಮೈಸೂರು ಅರಮನೆಗೂ ರೋಲ್ಸ್ ರಾಯ್ಸ್‌ಗಳು ಬಂದಿದ್ದವು. ನಮ್ಮ ದೇಶದ ರಾಜರು ಬೇಟೆಗೆ ಒಂದು ಬಗೆ, ಮೆರವಣಿಗೆಗೆ ಒಂದು ಬಗೆ, ರಾಣಿವಾಸಕ್ಕೆ ಪರದೆಯದೊಂದು ಬಗೆ ಎಂದು ಬಾಡಿ ಕಟ್ಟಿಸಿಕೊಳ್ಳುತ್ತಿದ್ದರು. ಚಾಸಿ ಮಾತ್ರ ಎಲ್ಲದಕ್ಕೂ ಒಬ್ಬನದೇ: ಹೆನ್ರಿ ರಾಯ್ಸ್.

ಅವನು ಹುಟ್ಟಿದ್ದು 1863ರ ಮಾರ್ಚ್ 27ರಂದು, ಪೀಟರ್‌ಬರೊ ಬಳಿಯ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಅಪ್ಪನದು ಹಿಟ್ಟಿನ ಗಿರಣಿ. ಅದು ನೆಲಕಚ್ಚಿತು, ಕುಟುಂಬ ಲಂಡನ್ನಿಗೆ ಬಂತು. ಹುಡುಗನಿಗೆ ಒಂಬತ್ತು ವರ್ಷವಾದಾಗ ಅಪ್ಪ ತೀರಿಕೊಂಡ. ರಾಯ್ಸ್ ಪತ್ರಿಕೆ ಮಾರಿದ, ಮನೆಮನೆಗೆ ಟೆಲಿಗ್ರಾಂ ಹಂಚಿದ. ಶಾಲೆ ಕಂಡದ್ದು ಒಟ್ಟು ಒಂದು ವರ್ಷದಷ್ಟು.

1878ರಲ್ಲಿ ಒಬ್ಬ ಅತ್ತೆ ವರ್ಷಕ್ಕೆ 20 ಪೌಂಡ್ ಕಟ್ಟಿ ಅವನನ್ನು ಪೀಟರ್‌ಬರೊದ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿಸಿದಳು. ಮೂರು ವರ್ಷಕ್ಕೆ ಅವಳ ದುಡ್ಡು ಮುಗಿಯಿತು. ತರಬೇತಿ ಅರ್ಧಕ್ಕೇ ನಿಂತಿತು. ಎರಡು ಬ್ಯಾಕ್‌ಲಾಗ್ ಇಟ್ಟುಕೊಂಡು ಇಂಟರ್‌ವ್ಯೂಗಳಿಗೆ ಅಲೆಯುತ್ತಿರುವ ನನಗೆ ಈ ಭಾಗವನ್ನು ಬೇಗ ದಾಟಲು ಮನಸ್ಸಾಗುವುದಿಲ್ಲ. ಕೈಯಲ್ಲಿ ಪೂರ್ತಿ ಸರ್ಟಿಫಿಕೇಟ್ ಇಲ್ಲದ ಹದಿನೆಂಟರ ಹುಡುಗ ಕೆಲಸ ಹುಡುಕಿಕೊಂಡು ಲೀಡ್ಸ್ ಸೇರಿದ. ಉಪಕರಣ ತಯಾರಿಸುವ ಕಂಪನಿಯಲ್ಲಿ ವಾರಕ್ಕೆ 54 ಗಂಟೆ ದುಡಿತ, 11 ಶಿಲ್ಲಿಂಗ್ ಕೂಲಿ. ಆಮೇಲೆ ಲಂಡನ್ನಿನ ವಿದ್ಯುತ್ ಕಂಪನಿಯೊಂದರಲ್ಲಿ ಕೆಲಸ, ಸಂಜೆ ತರಗತಿ. ಅಲ್ಲಿಂದ ಲಿವರ್‌ಪೂಲಿಗೆ ಹೋದರೆ ಅಲ್ಲಿದ್ದ ಕಂಪನಿಯೂ ಮುಚ್ಚಿತು.

ಇಪ್ಪತ್ತೊಂದನೇ ವಯಸ್ಸಿಗೆ, 1884ರಲ್ಲಿ, ಉಳಿಸಿದ್ದ 20 ಪೌಂಡಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದ. ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ 50 ಪೌಂಡ್ ಹಾಕಿದ. ಮನೆಗಳಿಗೆ ಕರೆಗಂಟೆ, ಆಮೇಲೆ ಡೈನಮೊ, ಆಮೇಲೆ ವಿದ್ಯುತ್ ಕ್ರೇನು. ಕಾರಿನ ಯೋಚನೆ ಬರುವಷ್ಟರಲ್ಲಿ ಅವನಿಗೆ ನಲವತ್ತಾಗಿತ್ತು. ಡೆಕಾವಿಲ್ ಎಂಬ ಫ್ರೆಂಚ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಅದರ ಒಂದೊಂದೇ ಭಾಗ ಬಿಚ್ಚಿ ನೋಡಿ, ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಹುದು ಎಂದುಕೊಂಡ. ಅವನ ಮೊದಲ ಕಾರು 1904ರ ಏಪ್ರಿಲ್ 1ರಂದು ರಸ್ತೆಗಿಳಿಯಿತು. ತಿಂಗಳು ಕಳೆದ ಮೇಲೆ, ಮೇ 4ರಂದು, ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಚಾರ್ಲ್ಸ್ ರೋಲ್ಸ್ ಸಿಕ್ಕ. ಶ್ರೀಮಂತರ ಮಗ, ಕೇಂಬ್ರಿಜ್ ಪದವೀಧರ, ಲಂಡನ್ನಿನಲ್ಲಿ ಕಾರು ಮಾರುವವನು. ಟೆಲಿಗ್ರಾಂ ಹುಡುಗ ಮಾಡಿದ್ದನ್ನು ಅವನು ಮಾರಲು ಒಪ್ಪಿದ. 1906ರಲ್ಲಿ ಇಬ್ಬರ ಹೆಸರಿನ ಕಂಪನಿಯಾಯಿತು. ನಾಲ್ಕು ವರ್ಷಕ್ಕೆ ರೋಲ್ಸ್ ವಿಮಾನ ಅಪಘಾತದಲ್ಲಿ ಸತ್ತ.

1907ರಲ್ಲಿ 60551 ಎಂಬ ನಂಬರಿನ ಒಂದು ಚಾಸಿಗೆ ಬಾರ್ಕರ್‌ನವರು ಬಾಡಿ ಕಟ್ಟಿ, ಅಲ್ಯೂಮಿನಿಯಂ ಬಣ್ಣ ಹೊಡೆದರು. ಅದಕ್ಕಿಟ್ಟ ಹೆಸರು ಸಿಲ್ವರ್ ಘೋಸ್ಟ್. ಆಮೇಲೆ ಜನ ಆ ಮಾದರಿಯ ಎಲ್ಲ ಕಾರುಗಳನ್ನೂ ಅದೇ ಹೆಸರಿನಿಂದ ಕರೆದರು. ನಿಜವಾದದ್ದು ಒಂದೇ, ಅದನ್ನು ಹೇಳುವುದು ಆ ನಂಬರು.

ವಿಂಟೇಜ್ ಕಾರುಗಳನ್ನು ಗುರುತಿಸುವವರು ಮೊದಲು ಹುಡುಕುವುದೂ ಇದನ್ನೇ. ಬಾನೆಟ್ ಮೇಲಿನ ರೆಕ್ಕೆಯ ಹೆಣ್ಣಿನ ಬೊಂಬೆ ಬಂದದ್ದು 1911ರಲ್ಲಿ, ಅದನ್ನು ಯಾವ ಕಾರಿಗೆ ಬೇಕಾದರೂ ಕೂರಿಸಬಹುದು. ಬಾಡಿಯನ್ನೂ ನೆಚ್ಚುವಂತಿಲ್ಲ. ಫ್ಯಾಷನ್ ಬದಲಾದರೆ ಧಣಿಗಳು ಹಳೆಯ ಚಾಸಿಗೆ ಹೊಸ ಮೈ ಕಟ್ಟಿಸುತ್ತಿದ್ದರು. ಮುಚ್ಚಿದ ಕಾರಿಗಿಂತ ತೆರೆದ ಕಾರಿಗೆ ಬೆಲೆ ಜಾಸ್ತಿ ಎಂದು ಈಚೆಗೆ ಬದಲಿಸಿದವೂ ಇವೆ. ಅದಕ್ಕೇ ಚಾಸಿ ನಂಬರು, ಇಂಜಿನ್ ನಂಬರು ಓದಿ, ಬಾಗಿಲ ಹೊಸ್ತಿಲಲ್ಲಿ ಬಾಡಿ ಕಟ್ಟಿದವರ ಸಣ್ಣ ತಗಡು ಇದೆಯೇ ನೋಡಿ, ಉಳಿದಿರುವ ಹಳೆಯ ಕಂಪನಿ ದಾಖಲೆಗೆ ತಾಳೆ ಹಾಕುತ್ತಾರೆ. ಮೊದಲ ಒಡೆಯ ಯಾರು, ಮೊದಲ ಬಾಡಿ ಯಾರದು ಎಂಬುದು ಅಲ್ಲಿರುತ್ತದೆ. ರೇಡಿಯೇಟರ್ ಮೇಲಿನ ಎರಡು ಆರ್ ಅಕ್ಷರ ಕೆಂಪಿದ್ದರೆ ಸಾಮಾನ್ಯವಾಗಿ 1933ಕ್ಕಿಂತ ಮೊದಲಿನದು, ಕಪ್ಪಾದರೆ ಆಮೇಲಿನದು. ರಾಯ್ಸ್ ಸತ್ತ ದುಃಖಕ್ಕೆ ಕಪ್ಪು ಮಾಡಿದರು ಎಂಬುದು ಬರೀ ಕಥೆ. ಆ ತೀರ್ಮಾನ ಅವನು ಬದುಕಿದ್ದಾಗಲೇ ಆಗಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣದೆ ದುಡಿದ ದೇಹ 1911ರಲ್ಲಿ ಕೈಕೊಟ್ಟಿತು. ದೊಡ್ಡ ಶಸ್ತ್ರಚಿಕಿತ್ಸೆಯಾಯಿತು, ಹೆಚ್ಚು ದಿನ ಉಳಿಯುವುದಿಲ್ಲ ಎಂದರು ವೈದ್ಯರು. ಅವನು ಇನ್ನೂ ಇಪ್ಪತ್ತು ವರ್ಷ ಬದುಕಿದ. ಡರ್ಬಿಯ ಕಾರ್ಖಾನೆಗೆ ಮರಳಲಿಲ್ಲ. ಚಳಿಗಾಲದಲ್ಲಿ ಫ್ರಾನ್ಸಿನ ಕಡಲ ತೀರ, ಉಳಿದಂತೆ ಇಂಗ್ಲೆಂಡಿನ ಹಳ್ಳಿಮನೆ. ನರ್ಸ್ ಒಬ್ಬಳು ನೋಡಿಕೊಳ್ಳುತ್ತಿದ್ದಳು. ನಕ್ಷೆಗಳು ಅಂಚೆಯಲ್ಲಿ ಹೋಗಿಬರುತ್ತಿದ್ದವು. ವರ್ಕ್ ಫ್ರಮ್ ಹೋಮ್ ಎಂಬುದು ನಮ್ಮ ಕಾಲದ್ದೇ ಎಂದುಕೊಂಡಿದ್ದೆವು! 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದು ಅವನ ಈಗಲ್ ಇಂಜಿನ್‌ಗಳ ಬಲದಿಂದ. 1930ರಲ್ಲಿ ಬ್ಯಾರೊನೆಟ್ ಪದವಿ ಬಂದ ಮೇಲೂ ಅವನು ತನ್ನನ್ನು ಕರೆದುಕೊಂಡದ್ದು ಮೆಕ್ಯಾನಿಕ್ ಎಂದೇ. 1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗ್‌ನ ಮನೆಯಲ್ಲಿ ತೀರಿಕೊಂಡ.

ಏರೋ ಇಂಡಿಯಾ ಬಂತೆಂದರೆ ಯಲಹಂಕದಿಂದ ಎದ್ದ ಸೂರ್ಯಕಿರಣ್ ತಂಡದ ಕೆಂಪು-ಬಿಳಿ ಹಾಕ್ ವಿಮಾನಗಳನ್ನು ನೋಡಲು ನಾವೆಲ್ಲ ತಾರಸಿ ಹತ್ತುತ್ತೇವೆ. ಅವುಗಳ ಅಡೂರ್ ಇಂಜಿನ್ ರೋಲ್ಸ್ ರಾಯ್ಸ್ ಒಂದು ಫ್ರೆಂಚ್ ಕಂಪನಿಯ ಜೊತೆಗೂಡಿ ರೂಪಿಸಿದ್ದು. ಮೈ ಇಲ್ಲೂ ಬೇರೆಯವರದೇ. ಕಟ್ಟಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್.